ಚೌಕಶಿ ಇಲ್ಲದ ಠಾಣೆ

ನನ್ನ ಮೊಮ್ಮಗಳು ಸುಜಾತಾ ಪೊಲೀಸ್ ಆಗಿದ್ದಾಳೆ. ಈ ಒಂದು ಮಾತು ಬರೆದು ಪೆನ್ನು ಕೆಳಗಿಟ್ಟರೂ ನನಗೆ ಸಾಕು. ಊರಲ್ಲಿ ಯಾರು ಎದುರಾದರೂ ಮೊದಲು ಇದನ್ನೇ ಹೇಳುತ್ತೇನೆ. ಹಾಲಿನವನಿಗೆ ಹೇಳಿದೆ, ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಹಲ್ಲು ನೋಯುತ್ತದೆಂದು ಹೋಗಿ ಡಾಕ್ಟರರಿಗೂ ಹೇಳಿದೆ. ಬಾಯಿಯಲ್ಲಿ ಅವರ ಸಾಮಾನು ಇದ್ದುದರಿಂದ ಸರಿಯಾಗಿ ಕೇಳಿಸಿತೋ ಇಲ್ಲವೋ, ಅದೊಂದು ಕೊರಗು ಉಳಿದಿದೆ.

ಸದರಿ ಮೊಮ್ಮಗಳನ್ನು ಯಾದಗಿರಿಯಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಕೂರಿಸಿದ್ದಾರೆ. ಪತ್ರಿಕೆಯವರಿಗೆ ಸುದ್ದಿ ಕಳಿಸುವುದು, ಇಲಾಖೆಯ ಪುಟಕ್ಕೆ ಫೋಟೋ ಹಾಕುವುದು, ಫೋನುಗಳಲ್ಲಿ ಸುಳ್ಳು ಹಬ್ಬಿದರೆ ‘ಇದು ಸುಳ್ಳು’ ಎಂದು ಕೆಂಪು ಅಕ್ಷರದಲ್ಲಿ ಬರೆದು ಬಿಡುವುದು. ಪಕ್ಕದ ಮನೆಯ ಶರಣಮ್ಮನಿಗೆ ಇದು ಹಿಡಿಸಲಿಲ್ಲ.

“ಮಲ್ಲಪ್ಪಣ್ಣ, ನಿನ್ನ ಮೊಮ್ಮಗಳು ಕಳ್ಳರನ್ನ ಹಿಡಿಯಂಗಿಲ್ಲಂತ? ಬರೇ ಫೋನ್ ಹಿಡೀತಾಳಂತ?” ಎಂದಳು.

“ಈಗ ಕಳ್ಳರೂ ಫೋನಿನ್ಯಾಗೇ ಇರ್ತಾರವ್ವ,” ಎಂದೆ. “ಅದನ್ನ ಹಿಡಿದ್ರ ಅವರನ್ನ ಹಿಡಿದಂಗ.”

ಸುಜಾತಾ ಬಂದಾಗ ಒಂದು ದಿನ ಕೇಳಿದಳು. “ಮುತ್ಯಾ, ನಿನ್ನ ಕಾಲಕ್ಕ ಪಬ್ಲಿಕ್ ರಿಲೇಶನ್ ಅಂತ ಏನರ ಇತ್ತೇನು?”

“ಪಬ್ಲಿಕ್ ಭಾಳ ಇದ್ರು. ರಿಲೇಶನ್ ಅಂದ್ರ ನಮ್ಮ ಸೋದರಮಾವ ಒಬ್ಬನೇ, ಸುರಪುರದಾಗ ಇದ್ದ.”

ಅವಳು ನಗುತ್ತ ಕುಸಿದಳು. ಆಮೇಲೆ ಇಂಥದ್ದನ್ನೆಲ್ಲ ಬರೆ ಎಂದು ಗಂಟುಬಿದ್ದಳು. ಹೊಸದಾಗಿ ಖಾಕಿ ಹಾಕುವ ಹುಡುಗ ಹುಡುಗಿಯರು ಓದಲಿ ಎಂದು. ನಾನು ಓದಿದ್ದು ಏಳನೆಯ ಇಯತ್ತೆ. ಬರೆದು ಗೊತ್ತಿರುವುದು ಪಂಚನಾಮೆ ಮಾತ್ರ. ಆದ್ದರಿಂದ ನಡುನಡುವೆ ‘ಸದರಿ’ ಬಂದರೆ ಸಹಿಸಿಕೊಳ್ಳಿ, ಕೈಗೆ ಅಂಟಿದ ಚಟ. ಯಾದಗಿರಿ, ಶಹಾಪುರ, ಸುರಪುರ, ಈ ಮೂರರ ನಡುವೆಯೇ ನನ್ನ ನೌಕರಿ ಸುತ್ತಿತು. ಕಾನ್‌ಸ್ಟೆಬಲ್ ಆಗಿ ಸೇರಿ ಹೆಡ್ ಕಾನ್‌ಸ್ಟೆಬಲ್ ಆಗಿ ಹೊರಬಂದೆ; ಬಡ್ತಿಯ ಕಥೆ ಇಷ್ಟೇ. ಹಳ್ಳಿಯ ಜನ ಹೆಡ್ ಕಾನ್‌ಸ್ಟೆಬಲ್‌ನನ್ನು ಜಮಾದಾರ ಎನ್ನುತ್ತಾರೆ. ನನ್ನ ಮೀಸೆ ನೋಡಿ ಮೊದಲ ವರ್ಷದಿಂದಲೇ ಹಾಗೆ ಕರೆದರು, ಇಲಾಖೆಗೆ ಅದು ತಡವಾಗಿ ತಿಳಿಯಿತು.

ನಾನು ಹೇಳಬೇಕೆಂದಿರುವುದು ಒಂದು ಮಾತಿನ ಸಂಗತಿ. ಒಂದೇ ಒಂದು ಮಾತಿನ ದೆಸೆಯಿಂದ ಇಬ್ಬರು ಚಾದರ ಮಾರುವವರ ಜೀವ ಹೋಗುವುದರಲ್ಲಿತ್ತು. ಅದು ಯಾವ ಠಾಣೆ ಎಂದು ಬರೆಯುವುದಿಲ್ಲ. ಯಾದಗಿರಿಯವರು ಶಹಾಪುರ ಅನ್ನಲಿ, ಶಹಾಪುರದವರು ಸುರಪುರ ಅನ್ನಲಿ, ನನಗೆ ಮೂರೂ ಕಡೆ ಚಹಾ ಬೇಕು. ಆದರೆ ಅಲ್ಲಿಗೆ ಹೋಗುವ ಮೊದಲು ಹಿಂದಿನ ಕಾಲ ಹೇಗಿತ್ತೆಂದು ಸ್ವಲ್ಪ ಹೇಳದಿದ್ದರೆ ನಿಮಗೆ ರುಚಿ ಹತ್ತುವುದಿಲ್ಲ.

ಆಗ ಸಾರ್ವಜನಿಕ ಸಂಪರ್ಕ ಎಂದರೆ ಜೀಪಿನ ನೆತ್ತಿಗೆ ಕಟ್ಟಿದ ಭೋಂಗಾ, ಮತ್ತು ನನ್ನ ಗಂಟಲು. ಗಂಟಲು ದೊಡ್ಡದೆಂದು ಮೈಕ್ ನನ್ನ ಕೈಗೇ ಬಂತು. ಒಮ್ಮೆ ಒಂದು ಊರಿನಲ್ಲಿ ಎರಡು ಗುಂಪು ಬಡಿದಾಡಿಕೊಂಡು, ಜನ ಗುಂಪುಗೂಡಬಾರದೆಂದು ನಿಷೇಧ ಹಾಕಿದರು. ಸಾಹೇಬರು ಕೊಟ್ಟ ಚೀಟಿಯನ್ನು ಓದುತ್ತ ಓಣಿ ಓಣಿ ಸುತ್ತಿದೆ: “ನಾಲ್ಕಕ್ಕಿಂತ ಹೆಚ್ಚು ಮಂದಿ ಒಂದು ಕಡೆ ಸೇರತಕ್ಕದ್ದಲ್ಲ! ಸೇರಿದಲ್ಲಿ ಕಠಿಣ ಕ್ರಮ ಜರುಗಿಸಲಾಗುವುದು!”

ಸ್ವಲ್ಪ ಹೊತ್ತಿಗೆ ಒಬ್ಬ ಮುದುಕ ಜೀಪಿಗೆ ಅಡ್ಡ ಬಂದ. ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದಿದ್ದ.

“ಜಮಾದಾರ್ರ, ನಮ್ಮ ಮನ್ಯಾಗ ಏಳು ಮಂದಿ ಅದೀವ್ರಿ. ಮೂರು ಮಂದಿನ್ನ ಎಲ್ಲಿ ಕಳಸ್ಲಿ?”

“ಏ ಅಜ್ಜಾ, ಅದು ಮನ್ಯಾಗ ಇರೋರಿಗಿ ಅಲ್ಲೋ.”

“ಹಂಗಂತ ನೀವು ಹೇಳ್ಲಿಲ್ಲಲ್ರಿ. ಸಣ್ಣ ಸೊಸಿನ್ನ ತವರಿಗಿ ಕಳಿಸೀನಿ, ಆಕಿ ಆಗಲೇ ಬಸ್ ಹತ್ಯಾಳ.”

ಆ ಸೊಸೆ ಮುಂದಿನ ಹಬ್ಬ ಮುಗಿಯುವವರೆಗೂ ತವರಿನಲ್ಲೇ ಆರಾಮಾಗಿದ್ದಳಂತೆ. ಗಂಡ ಕರೆಯಲು ಹೋದರೂ ಸರ್ಕಾರದ ಹುಕುಂ ಎಂದು ಬರಲಿಲ್ಲವಂತೆ. ಅಂದಿನಿಂದ ನಾನು ಚೀಟಿಯಲ್ಲಿ ಬರೆದದ್ದನ್ನು ಒಮ್ಮೆ ಓದಿ, ಆಮೇಲೆ ನಮ್ಮ ಮಾತಿನಲ್ಲಿ ಇನ್ನೊಮ್ಮೆ ಹೇಳುವುದನ್ನು ಕಲಿತೆ.

ಪತ್ರಿಕೆಯವರ ಜೊತೆಗಿನ ಸಂಬಂಧ ಇನ್ನೂ ಸರಳ. ನಮ್ಮ ಹಳೆಯ ಸಾಹೇಬರೊಬ್ಬರಿಗೆ ಒಂದೇ ಉತ್ತರ ಗೊತ್ತಿತ್ತು, “ತಪಾಸ ನಡದದ.” ಕಳ್ಳತನವೇ? ತಪಾಸ ನಡದದ. ಅಪಘಾತವೇ? ತಪಾಸ ನಡದದ. ಒಬ್ಬ ಹುಡುಗಾಟದ ವರದಿಗಾರ, “ಸಾಹೇಬ್ರ, ನಾಷ್ಟಾ ಆತೇನ್ರಿ?” ಎಂದು ಕೇಳಿದ. ಸಾಹೇಬರು ಕಡತದಿಂದ ತಲೆ ಎತ್ತದೆ, “ತಪಾಸ ನಡದದ,” ಎಂದರು. ಈಗ ಸುಜಾತಾ ಒಂದು ಮೋಟಾರ್ ಸೈಕಲ್ ಸಿಕ್ಕರೂ ಅದನ್ನು ತೊಳೆಸಿ, ಹಿಂದೆ ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ಹಾಕುತ್ತಾಳೆ. ಕಳ್ಳನಿಗಿಂತ ಹಿಡಿದವರೇ ಹೆಚ್ಚು ಗಾಬರಿಯಾಗಿ ಕಾಣುತ್ತಾರೆ. ಹೇಳಿದರೆ, “ಮುತ್ಯಾ, ಸುಮ್ಕಿರು,” ಎನ್ನುತ್ತಾಳೆ. ಸುಮ್ಮನಿದ್ದೇನೆ.

ಕಾಲ ತಿರುಗಿದ್ದು ಫೋನು ಬಂದ ಮೇಲೆ. ಓಣಿಗೊಂದು ವಾಟ್ಸಾಪ್ ಗುಂಪು, ಗುಂಪಿಗೊಬ್ಬ ಯಜಮಾನ. ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಆಗ ನಮ್ಮ ಠಾಣೆಗೆ ಪ್ರಸನ್ನ ಸಾಹೇಬರು ಬಂದರು. ಮಂಡ್ಯದ ಕಡೆಯವರು, ಚಿಕ್ಕ ವಯಸ್ಸು, ಬಹಳ ಒಳ್ಳೆಯ ಮನಸ್ಸು, ಇಸ್ತ್ರಿ ಕೆಡದ ಸಮವಸ್ತ್ರ. ಜನ ಪೊಲೀಸರನ್ನು ಕಂಡು ಹೆದರಬಾರದು ಎಂಬುದು ಅವರ ಹಂಬಲ. ಬಂದವರಿಗೆ ಕುರ್ಚಿ ಹಾಕಿಸಿದರು, ನೀರಿನ ಕೊಡ ಇಡಿಸಿದರು. “ಜನ ನಮ್ಮನ್ನ ನಂಬಬೇಕು ಕಣ್ರೀ ಮಲ್ಲಪ್ಪ. ಅಷ್ಟಾದ್ರೆ ಅರ್ಧ ಕೆಲಸ ಆದಂಗೆ,” ಎನ್ನುತ್ತಿದ್ದರು. ಅದು ಸುಳ್ಳಲ್ಲ.

ಇಲ್ಲಿ ಆ ಮಾತು ಬರುತ್ತದೆ. ನಮ್ಮ ಕಡೆ ಚೌಕಶಿ ಎಂದರೆ ವಿಚಾರಣೆ. ಏನಾಯಿತು, ಯಾರು ಬಂದಿದ್ದರು, ಎಲ್ಲಿಗೆ ಹೋದರು ಎಂದು ಕೇಳಿ ತಿಳಿಯುವುದು. ಹೆಣ್ಣು ಕೊಡುವಾಗ ಗಂಡಿನ ಮನೆಯ ಚೌಕಶಿ ಮಾಡುತ್ತೇವೆ, ಎತ್ತು ಕಳೆದರೆ ಪಕ್ಕದೂರಿನಲ್ಲಿ ಚೌಕಶಿ ಮಾಡುತ್ತೇವೆ. ಸಾಹೇಬರ ಊರಿನ ಕಡೆ ಇದರ ಅವಳಿಯಂಥ ಮಾತೊಂದಿದೆ, ಚೌಕಾಸಿ. ಅದರ ಅರ್ಥ ಬೆಲೆಗೆ ಜಗ್ಗಾಡುವುದು. ನಮ್ಮ ಮಾತು ಅವರಿಗೆ ಗೊತ್ತಿರಲಿಲ್ಲ, ಅವರ ಮಾತು ನನಗೆ ಗೊತ್ತಿರಲಿಲ್ಲ. ನಿಮಗೆ ಮೊದಲೇ ಹೇಳಿಬಿಟ್ಟಿದ್ದೇನೆ. ನಮಗಾದದ್ದು ನಿಮಗಾಗಬಾರದು.

ಅವರು ಬಂದ ಮೊದಲ ವಾರ. ನಾನು ಭೀಮರಾಯನಗುಡಿಗೆ ಹೋಗಿ ಬಂದು ಸೆಲ್ಯೂಟ್ ಹೊಡೆದೆ.

“ಎಲ್ಲಿಗೆ ಹೋಗಿದ್ರಿ ಮಲ್ಲಪ್ಪ?”

“ಕಾಲೇಜಿನ ಹತ್ರ ಒಂದು ಮೋಟಾರ್ ಸೈಕಲ್ ಕಳುವಾಗಿತ್ರಿ ಸಾಹೇಬ್ರ. ಚೌಕಶಿ ಮಾಡಿ ಬಂದೆ.”

ಸಾಹೇಬರ ಮುಖ ಕೆಂಪಗಾಯಿತು. “ಚೌಕಾಸಿ? ಗಾಡಿ ಕಳ್ಕೊಂಡವನ ಹತ್ರಾನಾ?”

“ಹೌದ್ರಿ. ಮೊದಲ ಅವನ ಹತ್ರ, ಆಮ್ಯಾಗ ಆಜುಬಾಜು ಮನಿಯವರ ಹತ್ರ.”

“ಅಕ್ಕಪಕ್ಕದವರನ್ನೂ ಬಿಡಲ್ವಾ ನೀವು?”

“ಹೆಂಗ ಬಿಡಾಕ ಬರ್ತದ್ರಿ? ಸಿಕ್ಕಸಿಕ್ಕವರ ಹತ್ರ ಮಾಡ್ಬೇಕು. ಹಿಂದಿನ ಸಾಹೇಬ್ರು ನಮಗ ಹಂಗೇ ಕಲಿಸ್ಯಾರ.”

ಅವರು ಗ್ಲಾಸಿನ ನೀರನ್ನು ಪೂರ್ತಿ ಕುಡಿದರು. ನಾನು ಬಿಸಿಲು ಇವರಿಗೆ ಹೊಸದು ಎಂದುಕೊಂಡೆ. ಆ ವಾರವೆಲ್ಲ ಒಬ್ಬೊಬ್ಬ ಸಿಬ್ಬಂದಿಯೂ ಅವರೆದುರು ನಿಂತು, “ಚೌಕಶಿ ಮಾಡಾಕತ್ತೇನ್ರಿ,” “ಚೌಕಶಿ ಮುಗದದ್ರಿ,” “ಇನ್ನೂ ಜರಾ ಚೌಕಶಿ ಬಾಕಿ ಅದ್ರಿ,” ಎಂದು ಎದೆ ಸೆಟೆಸಿ ಹೇಳಿದ್ದಾರೆ. ಪಾಪ, ಆ ಮನುಷ್ಯ ಎಂಥ ಠಾಣೆಗೆ ಬಂದು ಬಿದ್ದೆನಪ್ಪಾ ಎಂದು ನಿದ್ದೆಗೆಟ್ಟಿರಬೇಕು.

ಮುಂದಿನ ವಾರ ಪೇಂಟರ್ ಖಾಜಾ ಏಣಿ ಹಾಕಿಕೊಂಡು ಠಾಣೆಯ ಗೇಟಿಗೆ ದೊಡ್ಡ ಬೋರ್ಡು ಬರೆದ. ಸಾಹೇಬರು ಕಾಗದದಲ್ಲಿ ಬರೆದುಕೊಟ್ಟದ್ದು ‘ಚೌಕಾಸಿ’. ಖಾಜಾ ಅದನ್ನು ನೋಡಿ, ದೊಡ್ಡವರು ಅವಸರದಲ್ಲಿ ಅಕ್ಷರ ತಪ್ಪಿದ್ದಾರೆಂದು ಕನಿಕರಪಟ್ಟು ತಾನೇ ತಿದ್ದಿದ. ಬೋರ್ಡು ಹೀಗೆ ನಿಂತಿತು: ‘ಈ ಠಾಣೆಯಲ್ಲಿ ಯಾವುದೇ ರೀತಿಯ ಚೌಕಶಿ ಇರುವುದಿಲ್ಲ. ಎಲ್ಲರೂ ನಿರ್ಭಯವಾಗಿ ಬರಬಹುದು.’

ಖಾಜಾ ಕೆಳಗಿಳಿದು, ಬ್ರಶ್ಶು ಒರೆಸುತ್ತ, ನನ್ನ ಕಿವಿಯಲ್ಲಿ ಕೇಳಿದ. “ಜಮಾದಾರ್ ಸಾಬ್, ಕಳ್ಳರಿಗಿ ಭಾಳ ಚಲೋ ಆತಲ್ರಿ?”

“ಮ್ಯಾಲಿನ ಹುಕುಂ ಇರ್ಬೇಕೋ,” ಎಂದೆ.

ನಗಬೇಡಿ. ನೌಕರಿಯಲ್ಲಿ ಇದಕ್ಕಿಂತ ವಿಚಿತ್ರ ಹುಕುಂಗಳನ್ನು ನೋಡಿದ್ದೆ. ಎಲ್ಲ ಕಂಪ್ಯೂಟರಿಗೆ ಹೋಗುತ್ತಿರುವಾಗ ಚೌಕಶಿಯೂ ಅಲ್ಲಿಗೇ ಹೋಗಿರಬೇಕೆಂದು ತಿಳಿದೆವು. ಆದರೂ ಅಭ್ಯಾಸ ಬಿಡಬೇಕಲ್ಲ? ನಾನು ಸಾಹೇಬರಿಗೆ ಕಾಣದ ಹಾಗೆ ಕದ್ದು ಚೌಕಶಿ ಮಾಡುತ್ತಿದ್ದೆ. ಕೇಳಿದರೆ, “ಚಹಾ ಕುಡ್ಯಾಕ ಹೋಗಿದ್ದೆರಿ,” ಎನ್ನುತ್ತಿದ್ದೆ. ಸಾಹೇಬರಿಗೆ ಖುಷಿ. ಚೌಕಾಸಿಗಿಂತ ಚಹಾ ವಾಸಿ ಎಂದುಕೊಂಡರೇನೋ.

ಅಕ್ಷರ ಬದಲಾದದ್ದನ್ನು ಈ ಕಡೆಯ ಉಚ್ಚಾರವೆಂದುಕೊಂಡು, ಬೋರ್ಡಿನ ಫೋಟೋವನ್ನು ಸಾಹೇಬರು ತಾವೇ ತೆಗೆದು ಎಲ್ಲ ಗುಂಪುಗಳಿಗೂ ಕಳಿಸಿದರು. ಹಳ್ಳಿ ಹಳ್ಳಿಗೆ ಹೋಯಿತು. ಹೆಬ್ಬೆರಳಿನ ಚಿತ್ರಗಳು, ಕೈ ಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಒಬ್ಬಿಬ್ಬರು ಅಳುವ ಮುಖವನ್ನೂ ಹಾಕಿದ್ದರು. ಅದನ್ನು ಸಾಹೇಬರು ಆನಂದಬಾಷ್ಪ ಎಂದು ಓದಿಕೊಂಡರು. ದೂರು ಕೊಡಲು ಬರುವವರು ಕಡಿಮೆಯಾಗುತ್ತ ಹೋದರು. “ನೋಡಿದ್ರಾ ಮಲ್ಲಪ್ಪ, ಜನಸಂಪರ್ಕದ ಪವರ್! ಕ್ರೈಮೇ ಇಲ್ಲ!” ಎಂದು ನನ್ನ ಬೆನ್ನು ತಟ್ಟಿದರು. ಕುರ್ಚಿಗಳು ಖಾಲಿ, ನೀರಿನ ಕೊಡ ತುಂಬಿಯೇ ಇರುತ್ತಿತ್ತು.

ಅದೇ ದಿನಗಳಲ್ಲಿ ಫೋನುಗಳಲ್ಲಿ ಮಕ್ಕಳ ಕಳ್ಳರ ಸುದ್ದಿ ಹಬ್ಬಿತು. ಹೆಂಗಸೊಬ್ಬಳು ಅಳುತ್ತ ಮಾತಾಡಿದ ಧ್ವನಿ: ಚಾದರ ಮಾರುವ ವೇಷದಲ್ಲಿ ಬರುತ್ತಾರೆ, ಮಕ್ಕಳಿಗೆ ಪೆಪ್ಪರ್‌ಮೆಂಟ್ ಕೊಡುತ್ತಾರೆ, ಗಂಟಿನಲ್ಲಿ ಕಟ್ಟಿಕೊಂಡು ಒಯ್ಯುತ್ತಾರೆ. ಆ ಹೆಂಗಸು ಯಾರು, ಯಾವ ಊರು, ಒಬ್ಬರಿಗೂ ಗೊತ್ತಿಲ್ಲ. ಆದರೆ ಅವಳ ಅಳು ಎಲ್ಲರಿಗೂ ಗೊತ್ತು. ಸಾಹೇಬರು ‘ಸಾರ್ವಜನಿಕರು ವದಂತಿಗಳಿಗೆ ಕಿವಿಗೊಡಬಾರದಾಗಿ ಕೋರಲಾಗಿದೆ’ ಎಂದು ಬರೆದು ಹಾಕಿದರು. ಅಳು ಕೇಳಿದವರು ಕೋರಿಕೆ ಓದುತ್ತಾರೆಯೇ?

ಒಂದು ಮಧ್ಯಾಹ್ನ ಗೋಗಿ ಊರಿನ ಕಡೆಯ ಆಟೋದವನೊಬ್ಬ ನನಗೆ ಫೋನು ಮಾಡಿದ. “ಜಮಾದಾರ್ರ, ಲಗೂನ ಬರ್ರಿ. ಚಾದರ ಮಾರೋರ್ನ ಹಿಡಿದಾರ. ಕೈಯಾಗ ಬಡಿಗಿ ಹಿಡಕೊಂಡಾರ. ಉಳಿಯಂಗಿಲ್ರಿ.” ಹಳ್ಳಿ ವನದುರ್ಗದ ದಾರಿಯಿಂದ ಸ್ವಲ್ಪ ಒಳಗೆ. ಹೆಸರು ಬೇಡ. ಸಾಹೇಬರು, ನಾನು, ಇನ್ನಿಬ್ಬರು, ಒಂದು ಜೀಪು, ಅದೇ ಹಳೆಯ ಮೈಕು.

ಹೋಗಿ ನೋಡಿದರೆ ಊರಿಗೆ ಊರೇ ಸಮುದಾಯ ಭವನದ ಮುಂದೆ ಇತ್ತು. ಅಣ್ಣ ತಮ್ಮ ಇಬ್ಬರನ್ನೂ ಒಳಗಿನ ಕೋಣೆಗೆ ಹಾಕಿ ಕೀಲಿ ಜಡಿದಿದ್ದರು. ಉತ್ತರ ಪ್ರದೇಶದವರು, ಪ್ರತಿ ಚಳಿಗಾಲಕ್ಕೂ ಯಾದಗಿರಿ ಸ್ಟೇಷನ್ನಿನ ಹಿಂದೆ ಬಾಡಿಗೆ ಕೋಣೆ ಹಿಡಿದು ಹಳ್ಳಿಗಳಲ್ಲಿ ಚಾದರ ಮಾರುವವರು. ಅಣ್ಣನ ಹೆಸರು ರಾಮಸೇವಕ. ಕಿಟಕಿಯ ಸರಳಿನಲ್ಲಿ ಅವನ ಬೆರಳುಗಳು ಮಾತ್ರ ಕಾಣುತ್ತಿದ್ದವು. ಕಿಟಕಿಯ ಕೆಳಗೆ ಕಲ್ಲುಗಳು ಬಿದ್ದಿದ್ದವು. ಚಾದರದ ಗಂಟುಗಳನ್ನು ಬಿಚ್ಚಿ ಅಂಗಳಕ್ಕೆಲ್ಲ ಹರವಿದ್ದರು, ಒಳಗೆ ಯಾರ ಕೂಸೂ ಇರಲಿಲ್ಲ, ಆದರೂ ಯಾರಿಗೂ ಸಮಾಧಾನವಾಗಿರಲಿಲ್ಲ.

ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಾಗಮ್ಮ ಕುಳಿತಿದ್ದಳು. ಊರಿನ ಅರ್ಧ ಮಕ್ಕಳ ಹೆರಿಗೆ ಮಾಡಿಸಿದ ಮುದುಕಿ. ಕೀಲಿ ಆಕೆಯ ಸೆರಗಿನ ಗಂಟಿನಲ್ಲಿತ್ತು. ಒಂದು ಕಡೆಗೆ ಬಡಿಗೆ ಹಿಡಿದ ಹುಡುಗರು ಬಾಗಿಲು ತೆಗೆ ಎಂದು ಒದರುತ್ತಿದ್ದರು. ಇನ್ನೊಂದು ಕಡೆಗೆ ರೇಣುಕಾ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು, ನಡೆಯಲು ಈಗ ಕಲಿಯುತ್ತಿದ್ದ ತನ್ನ ಮಗನನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದಳು. ಪೆಪ್ಪರ್‌ಮೆಂಟ್ ಕೊಟ್ಟದ್ದು ಆ ಕೂಸಿಗೆ.

ಸಾಹೇಬರು ಮುಂದೆ ಹೋದರು. ಹೆದರಲಿಲ್ಲ, ಅದನ್ನು ಹೇಳಲೇಬೇಕು. “ಅಜ್ಜೀ, ಕೀ ಕೊಡಿ. ಅವರನ್ನ ನಾವು ಠಾಣೆಗೆ ಕರ್ಕೊಂಡು ಹೋಗ್ತೀವಿ.”

“ಒಯ್ದು ಏನ್ ಮಾಡ್ತೀರಿ ಸಾಹೇಬ್ರ?”

“ಕಾನೂನು ಪ್ರಕಾರ ಏನ್ ಮಾಡ್ಬೇಕೋ ಅದನ್ನ ಮಾಡ್ತೀವಿ.”

“ಅದೆಲ್ಲ ನನಗ ತಿಳಿಯಂಗಿಲ್ಲ. ಚೌಕಶಿ ಮಾಡ್ತೀರೇನು? ಅಷ್ಟು ಹೇಳ್ರಿ.”

ಸಾಹೇಬರು ಚೇಳು ಕುಟುಕಿದವರಂತೆ ನೆಟ್ಟಗಾದರು. ಎಲ್ಲರಿಗೂ ಕೇಳುವ ಹಾಗೆ, ಎದೆ ಮೇಲೆ ಕೈ ಇಟ್ಟು ಹೇಳಿದರು: “ಚೌಕಾಸಿನಾ? ಇಲ್ಲ! ನಾನಿರೋವರೆಗೂ ನನ್ನ ಠಾಣೇಲಿ ಚೌಕಾಸಿ ನಡೆಯಲ್ಲ. ಬೋರ್ಡೇ ಹಾಕ್ಸಿದೀನಿ, ನೀವೇ ನೋಡಿದೀರಲ್ಲ!”

ಊರು ಎದ್ದಿತು.

“ಕೇಳಿದ್ರೇನು! ಬಾಯಿಬಿಟ್ಟೇ ಹೇಳಾಕತ್ತಾನ!”

“ಬೋರ್ಡ್ ಖರೇನೇ ಅದ! ಒಯ್ದು ಹಿಂದಿನ ಬಾಗಿಲ್ದಾಗ ಬಿಟ್ಟುಬಿಡ್ತಾರ!”

“ಸರಿ ಯವ್ವಾ ನಾಗಮ್ಮ, ಅವರು ಮಾಡಂಗಿಲ್ಲಂದ್ರ ನಾವೇ ಚೌಕಶಿ ಮಾಡ್ತೀವಿ. ಬಾಗಿಲು ಬಿಡು!”

ಬಡಿಗೆಯ ಚೌಕಶಿ ಹೇಗಿರುತ್ತದೆಂದು ನನಗೆ ಗೊತ್ತು. ಎಲ್ಲೋ ಒಂದು ಕಡೆಯಿಂದ ಕಲ್ಲು ಬಂದು ಜೀಪಿನ ಗಾಜಿಗೆ ಬಿತ್ತು. ಕೋಣೆಯ ಒಳಗಿಂದ ಒಬ್ಬ ಸಣ್ಣಗೆ ಅಳುವುದು ಕೇಳಿಸಿತು, ತಮ್ಮನಿರಬೇಕು. ಸಾಹೇಬರು ಮತ್ತೆ, “ಚೌಕಾಸಿ ಆಗಲ್ಲ ಅಂದ್ಮೇಲೆ ಆಗಲ್ಲ! ನಂಬಿ!” ಎಂದು ಗಂಟಲು ಹರಿಯುವಂತೆ ಕೂಗಿದರು. ಕೂಗಿದಷ್ಟೂ ಜನ ಮುಂದೆ ಬರುತ್ತಿದ್ದರು. ಇಷ್ಟು ಒಳ್ಳೆಯ ಮನುಷ್ಯ ಇಂಥ ಕೆಟ್ಟ ಮಾತನ್ನು ಇಷ್ಟು ಹೆಮ್ಮೆಯಿಂದ ಯಾಕೆ ಹೇಳುತ್ತಿದ್ದಾನೆ? ಅದು ನನ್ನ ತಲೆಗೆ ಆಗ ತಟ್ಟಿತು. ಅವರ ತೋಳು ಹಿಡಿದು ಎಳೆದೆ.

“ಸಾಹೇಬ್ರ, ನಿಮ್ಮ ಕಡೆ ಚೌಕಶಿ ಅಂದ್ರ ಏನ್ರಿ?”

“ಇದು ಕೇಳೋ ಟೈಮೇನ್ರೀ? ವ್ಯಾಪಾರದಲ್ಲಿ ಮಾಡ್ತಾರಲ್ಲ, ಅದೇ! ನಮ್ಮಮ್ಮ ಬದನೆಕಾಯಿ ತಗೊಳೋವಾಗ ಜಗಳ ಆಡ್ತಾರಲ್ಲ, ಅದು!”

ದೇವರಾಣೆ, ನನಗೆ ನಗು ತಡೆಯಲಾಗಲಿಲ್ಲ. ಕಲ್ಲು ಬೀಳುವ ಜಾಗದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಡಿಗೆ ಹಿಡಿದವರೂ ದಂಗಾಗಿ ನಿಂತರು. ಜಮಾದಾರನಿಗೆ ಹೆದರಿಕೆಗೆ ಹುಚ್ಚು ಹಿಡಿಯಿತೆಂದೇ ತಿಳಿದರು. ಆ ದಂಗುಬಡಿದ ಗಳಿಗೆಯಲ್ಲಿ ಜೀಪಿನ ಮೇಲೆ ಹತ್ತಿ ಮೈಕ್ ಹಿಡಿದೆ.

“ಯವ್ವಾ ನಾಗಮ್ಮ, ತಮ್ಮಗಳಿರಾ, ಕೇಳ್ರಿ! ಸಾಹೇಬ್ರ ಊರಾಗ ಚೌಕಾಸಿ ಅಂದ್ರ ಬದನಿಕಾಯಿ ಬೆಲಿ ಜಗ್ಗೂದಂತ! ನಮ್ಮ ಠಾಣಾದಾಗ ರೊಕ್ಕದ ಜಗ್ಗಾಟ ಇಲ್ಲ, ಲಂಚ ಇಲ್ಲ ಅಂತ ಹೇಳಾಕ ಆ ಬೋರ್ಡ್ ಹಾಕ್ಯಾರ. ನಾವು ದಡ್ಡ ಮಂದಿ, ತಪಾಸ ಇಲ್ಲಂತ ಓದೀವಿ! ನಾನೂ ಹಂಗೇ ಓದೀನಿ!”

ಹಿಂದಿನಿಂದ ಒಬ್ಬನ ಧ್ವನಿ ಬಂತು. “ಹಂಗಾರ ಇಷ್ಟು ದಿನ ನಮ್ಮ ಜಮಾದಾರ ಊರೂರು ತಿರುಗಿ ಬದನಿಕಾಯಿ ಜಗ್ಗಾಕತ್ತಾನಂತ ತಿಳಿದಿದ್ರೇನು ಸಾಹೇಬ್ರು?”

ಒಬ್ಬ ನಕ್ಕ. ಅವನ ಪಕ್ಕದವ ನಕ್ಕ. ನಗು ಬಡಿಗೆಯವರ ತನಕ ಬಂತು. ನಗುವಾಗ ಬಡಿಗೆ ಎತ್ತಿ ಹಿಡಿಯುವುದು ಕಷ್ಟ. ಒಂದೊಂದಾಗಿ ನೆಲಕ್ಕೆ ಇಳಿದವು. ಸಾಹೇಬರು ನನ್ನ ಮುಖವನ್ನು ನೋಡಿದರು, ಜನರ ಮುಖ ನೋಡಿದರು. ಒಂದೊಂದೇ ಜ್ಞಾಪಕ ಬರುತ್ತಿತ್ತೆಂದು ಕಾಣುತ್ತದೆ: ಭೀಮರಾಯನಗುಡಿ, ಆಜುಬಾಜು ಮನೆ, ಖಾಲಿ ಕುರ್ಚಿ. ಕಿವಿಯ ತುದಿ ಕೆಂಪಾಯಿತು.

ನಾಗಮ್ಮ ಮಾತ್ರ ನಗಲಿಲ್ಲ. “ಓದಿದಾಂವ ಅದೀಯಪ್ಪ ನೀ. ನಮ್ಮ ಮಾತು ನಮ್ಮ ಹತ್ರ ಒಂದೀಟು ಕೇಳಬಾರದೇನು?”

ಸಾಹೇಬರು ನನ್ನ ಕೈಯಿಂದ ಮೈಕ್ ಇಸಿದುಕೊಂಡರು. “ಕೇಳಬೇಕಿತ್ತು ಅಜ್ಜಿ,” ಎಂದರು. “ಈಗ ಹೇಳ್ತೀನಿ. ಚೌಕಶಿ ಮಾಡ್ತೀನಿ. ಠಾಣೇಲಲ್ಲ, ಇಲ್ಲೇ, ನಿಮ್ಮೆಲ್ಲರ ಎದುರಿಗೆ ಮಾಡ್ತೀನಿ. ಸಾಲದು ಅನ್ಸಿದ್ರೆ ಕೀ ನಿಮ್ಮ ಹತ್ರಾನೇ ಇರ್ಲಿ.”

ಮುದುಕಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೆರಗಿನ ಗಂಟು ಬಿಚ್ಚಿದಳು.

ರಾಮಸೇವಕನ ಹುಬ್ಬು ಒಡೆದಿತ್ತು. ತಮ್ಮ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಸಾಹೇಬರು ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ, ನೀರು ಕುಡಿಸಿ, ಊರು, ತಂದೆ, ಬಾಡಿಗೆ ಕೋಣೆ ಎಲ್ಲ ಕೇಳಿದರು. ಯಾದಗಿರಿಯ ಮನೆಯ ಮಾಲೀಕನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳಿಸಿದರು. ಆಮೇಲೆ ರಾಮಸೇವಕನ ಹೆಂಡತಿಗೆ ಮುಖ ಕಾಣುವ ಫೋನು ಮಾಡಿಸಿದರು. ನಾಗಮ್ಮ ಫೋನು ಕಿತ್ತುಕೊಂಡು, ನಮ್ಮ ಕಡೆಯ ಉರ್ದು ಮಾತಿನಲ್ಲಿ ತಾನೇ ಚೌಕಶಿ ಶುರುಮಾಡಿದಳು. ಆ ಹೆಂಗಸಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಗಂಡನ ಹುಬ್ಬಿನ ರಕ್ತ ಅವಳಿಗೆ ಕಾಣದಂತೆ ನಾನು ಅಡ್ಡ ನಿಂತಿದ್ದೆ. ಅವಳು ಮತ್ತೆ ಮತ್ತೆ ಒಂದನ್ನೇ ಕೇಳುತ್ತಿದ್ದಳು.

ನಾಗಮ್ಮ ಫೋನು ಕೆಳಗಿಳಿಸಿ ಜನರ ಕಡೆ ತಿರುಗಿದಳು. “ಗಂಡ ಉಂಡಾನೇನು ಅಂತ ಕೇಳಾಕತ್ತಾಳ. ಕಳ್ಳನ ಹೆಂಡ್ತಿ ಆಗಿದ್ರ ಏನ್ ತಂದಿ ಅಂತ ಕೇಳ್ತಿದ್ಳು. ಇವರು ಕಳ್ಳರಲ್ಲ, ಹೋಗ್ರಿ ಮನಿಗಿ.”

ನನ್ನ ನೌಕರಿಯಲ್ಲಿ ಇಷ್ಟು ಚಿಕ್ಕ ತನಿಖಾ ವರದಿ ನೋಡಿಲ್ಲ. ಜನ ಕರಗಿದರು. ಇಬ್ಬರು ಹುಡುಗರು ತಾವೇ ಚಾದರಗಳನ್ನು ಕೊಡವಿ ಮಡಚಿದರು, ಕಲ್ಲೆಸೆದವರು ಯಾರೆಂಬ ಚೌಕಶಿಯನ್ನು ಸಾಹೇಬರು ನಾಳೆಗೆ ಇಟ್ಟುಕೊಂಡರು. ರೇಣುಕಾ ಮಾತ್ರ, “ಹಂಗಾರ ನನ್ನ ಕೂಸಿಗಿ ಪೆಪ್ಪರ್‌ಮೆಂಟ್ ಯಾಕ ಕೊಟ್ಟ?” ಎಂದಳು. ರಾಮಸೇವಕ ನೆಲದಿಂದ ಮೊಣಕಾಲೆತ್ತರಕ್ಕೆ ಅಂಗೈ ಹಿಡಿದು ತೋರಿಸಿದ. ತನಗೂ ಇಷ್ಟೇ ಎತ್ತರದ ಕೂಸಿದೆ ಎಂದು. ಅವಳು ಮಗನನ್ನು ಎತ್ತಿಕೊಂಡು ಹೋಗಿ ಮನೆಯ ಬಾಗಿಲು ಹಾಕಿಕೊಂಡಳು.

ಬೋರ್ಡಿನ ಕಥೆಗೆ ಬಾಲವೊಂದಿದೆ, ಹೇಳಿಬಿಡುತ್ತೇನೆ. ಆ ಸಂಜೆಯೇ ಖಾಜಾನನ್ನು ಕರೆಸಿ ‘ಇಲ್ಲಿ ಪ್ರತಿಯೊಂದು ದೂರಿನ ಚೌಕಶಿ ಮಾಡಲಾಗುವುದು’ ಎಂದು ಬರೆಸಿದರು. ಕುರ್ಚಿಗಳು ತುಂಬಿದವು. ಕೆಲವು ದಿನಕ್ಕೆ ತಪಾಸಣೆಗೆ ಬಂದ ಹಿರಿಯ ಅಧಿಕಾರಿಗಳೊಬ್ಬರು, ಅವರೂ ದಕ್ಷಿಣದವರೇ, ಗೇಟಿನಲ್ಲಿ ಕಾರು ನಿಲ್ಲಿಸಿ ಬೋರ್ಡನ್ನು ಎರಡೆರಡು ಸಲ ಓದಿ, “ಏನ್ರೀ ಇದು, ಇಷ್ಟು ಓಪನ್ನಾಗಿ?” ಎಂದರಂತೆ. ಸಾಹೇಬರು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಚಹಾ ಎರಡು ಸಲ ಆರಿತು. ಹೊಸದಾಗಿ ಬರುವವರೇ, ಎಲ್ಲಿಗೆ ವರ್ಗವಾದರೂ ಮೊದಲ ವಾರ ಬೋರ್ಡು ಬರೆಸಬೇಡಿ. ಮಾತು ಕೇಳುತ್ತ ಕುಳಿತಿರಿ.

ಆದರೆ ಮೊಮ್ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ ನನಗೆ ಜ್ಞಾಪಕ ಬರುವುದು ಆ ಗಲಾಟೆಯ ಮರುದಿನದ ಸಂಗತಿ. ಸಾಹೇಬರು ಅಣ್ಣ ತಮ್ಮಂದಿರಿಗೆ, ಊರಿಗೆ ಹೋಗಿಬಿಡಿ, ರೈಲು ಹತ್ತಿಸುತ್ತೇವೆ ಎಂದರು. ತಮ್ಮ ಒಪ್ಪಿದ. ರಾಮಸೇವಕ ಒಪ್ಪಲಿಲ್ಲ. ಓಡಿಹೋದರೆ ಕಳ್ಳನೇ ಇದ್ದಿರಬೇಕು ಎನ್ನುತ್ತಾರೆ, ಇನ್ನು ಈ ಸೀಮೆಯಲ್ಲಿ ಯಾವ ಬಾಗಿಲೂ ನನಗೆ ತೆಗೆಯುವುದಿಲ್ಲ ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ನನ್ನನ್ನು ಜೊತೆಗೆ ಕಳಿಸಿದರು. “ಮಲ್ಲಪ್ಪ, ಎಲ್ಲದರ ಫೋಟೋ ತೆಗೀರಿ. ಜನ ನೋಡ್ಬೇಕು,” ಎಂದು ತಮ್ಮ ದೊಡ್ಡ ಫೋನನ್ನೇ ಕೊಟ್ಟರು.

ಅದೇ ಹಳ್ಳಿ. ಅವನ ತಲೆಯ ಮೇಲೆ ಗಂಟು, ಹುಬ್ಬಿಗೆ ಪಟ್ಟಿ. ನಾನು ಪಕ್ಕದಲ್ಲಿ. ಮೊದಲ ಮನೆಯವರು ಒಳಗಿಂದಲೇ ಬೇಡ ಎಂದರು. ಎರಡನೆಯದಕ್ಕೆ ಕೀಲಿ ಹಾಕಿತ್ತು, ಒಳಗೆ ಒಗ್ಗರಣೆಯ ವಾಸನೆ ಬರುತ್ತಿತ್ತು. ನಾಗಮ್ಮ ಕಟ್ಟೆಯ ಮೇಲಿಂದ, “ನಡೀರಿ, ಮುಂದ ನಡೀರಿ. ಹೊತ್ತು ಹಿಡೀತದ,” ಎಂದಳು. ಓಣಿಯ ತಿರುವಿನಲ್ಲಿ ರೇಣುಕಾಳ ಮನೆ. ನಾನು ದಾಟಿ ಹೋಗೋಣ ಎಂದು ಸನ್ನೆ ಮಾಡಿದೆ. ರಾಮಸೇವಕ ಅಲ್ಲಿಯೇ ಗಂಟು ಇಳಿಸಿ ನಿಂತ. ಕೂಗಲಿಲ್ಲ, ಬಾಗಿಲು ತಟ್ಟಲಿಲ್ಲ, ಸುಮ್ಮನೆ ನಿಂತ.

ಬಹಳ ಹೊತ್ತಿನ ಮೇಲೆ ಬಾಗಿಲು ಸರಿಯಿತು. ರೇಣುಕಾ ಸೊಂಟದ ಮೇಲೆ ಮಗನನ್ನು ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತಳು. ಅವನ ಹುಬ್ಬಿನ ಪಟ್ಟಿ ನೋಡಿದಳು. ನನ್ನನ್ನು ಬಯ್ದಳು.

“ಬಿಸಿಲಾಗ ನಿಂದರ್ಸೀರಲ್ರಿ ಜಮಾದಾರ್ರ, ನೀರರ ಕೇಳಬಾರದೇನು?”

ಕೂಸು ಕೊಸರಾಡುತ್ತಿತ್ತು. ಅದನ್ನು ಇಟ್ಟುಕೊಂಡು ನೀರು ಮೊಗೆಯುವುದು ಆಗದ ಮಾತು. ನನ್ನ ಕೈಯಲ್ಲಿ ಲಾಠಿ, ಫೋನು. ಅವಳು ಎರಡು ಹೆಜ್ಜೆ ಮುಂದೆ ಬಂದಳು.

“ಅಣ್ಣಾ, ಜರಾ ಹಿಡಿ,” ಎಂದು ಮಗನನ್ನು ರಾಮಸೇವಕನ ಕೈಗೆ ಕೊಟ್ಟು ಒಳಗೆ ಹೋದಳು.

ಅವನು ತುಳುಕುವ ಕೊಡ ಹಿಡಿದವನಂತೆ ಹಿಡಿದುಕೊಂಡ. ಉಸಿರು ಬಿಡಲೂ ಹೆದರಿಕೆ. ಕೂಸು ಅವನ ಪಟ್ಟಿಯನ್ನು ಕೀಳಲು ನೋಡಿತು, ಅವನು ತಲೆ ಅಲುಗಿಸಲಿಲ್ಲ. ನನ್ನ ಕೈ ತಾನಾಗಿಯೇ ಫೋನು ಎತ್ತಿತು. ಇಂಥ ಫೋಟೋ ಇಲಾಖೆಗೆ ಮತ್ತೆ ಸಿಗುವುದಿಲ್ಲ.

“ಸಾಬ್, ಫೋಟೋ ನಕ್ಕೋ, ಬ್ಯಾಡ,” ಎಂದ ಅವನು, ತುಟಿ ಅಲುಗಿಸದೆ.

ಆಗ ನನಗೂ ಕಂಡಿತು. ಪರವೂರಿನ ಗಂಡಸು, ಕಾಲ ಬಳಿ ಚಾದರದ ಗಂಟು, ತೋಳಿನಲ್ಲಿ ಹಳ್ಳಿಯ ಕೂಸು. ಇದು ಗುಂಪಿನಿಂದ ಗುಂಪಿಗೆ ಹೋದರೆ ಸಂಜೆಗೆ ಯಾವ ಅಳು ಇದರ ಜೊತೆ ಸೇರಿಕೊಳ್ಳುತ್ತದೋ ಯಾರು ಬಲ್ಲರು? ಫೋನನ್ನು ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡೆ.

ಒಳಗೆ ಚೆಂಬು ತೊಳೆಯುವ ಸದ್ದು ಕೇಳಿಸುತ್ತಿತ್ತು. ಬೂದಿ ಹಚ್ಚಿ, ತಿಕ್ಕಿ, ಮತ್ತೆ ನೀರು ಹಾಕಿ ತೊಳೆಯುತ್ತಿದ್ದಳು. ಅವಳಿಗೆ ಯಾವ ಅವಸರವೂ ಇರಲಿಲ್ಲ.